ಮೊದಲು ಎಂಟನೆಯ ತರಗತಿ ನೋಡಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ದಾವಣಗೆರೆಯ ಪಿ.ಬಿ. ರಸ್ತೆಯ ವಿದ್ಯುತ್ ಕಂಬಗಳಿಗೆ ಬಿಡುವಿರುವುದಿಲ್ಲ. ಆರು ನೂರರ ಮೇಲೆ ಅಂಕ ಪಡೆದ ಮಕ್ಕಳ ಫೋಟೊ, ಕೆಳಗೆ ಶಾಲೆಯ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಪ್ರವೇಶ ಪ್ರಾರಂಭವಾಗಿದೆ’. ಚಿತ್ರದುರ್ಗದಲ್ಲೂ ಇದೇ ಸಡಗರ. ಆ ಫ್ಲೆಕ್ಸ್‌ಗಳ ಸಾಲಿನಲ್ಲಿ ಸರ್ಕಾರಿ ಪ್ರೌಢಶಾಲೆ ಕಾಣಿಸುವುದು ಅಪರೂಪ. ಹಾಗಾಗಿ ಏಳನೆಯ ತರಗತಿ ಮುಗಿಸಿದ ಮಗುವನ್ನು ಎಲ್ಲಿಗೆ ಸೇರಿಸುವುದು ಎಂದು ಯೋಚಿಸುವ ತಂದೆತಾಯಿ, ಸರ್ಕಾರಿ ಶಾಲೆಯ ಬಗ್ಗೆ ಊರವರಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ: ‘ಅಲ್ಲಿಯ ರಿಸಲ್ಟ್ ಎಷ್ಟು?’

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಶೇಕಡಾವಾರು ಲೆಕ್ಕ ಕಲಿಸಿಯೇ ಸಂಬಳ ತೆಗೆದುಕೊಂಡಿದ್ದೇನೆ, ಅದರ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ ಶೇಕಡಾವಾರು ಹೇಳಿದವರನ್ನು ‘ಎಷ್ಟರಲ್ಲಿ?’ ಎಂದು ಮರಳಿ ಕೇಳದೆ ಬಿಡಬಾರದು.

ನಮ್ಮ ಚಿತ್ರದುರ್ಗ ಜಿಲ್ಲೆಯನ್ನೇ ತೆಗೆದುಕೊಳ್ಳಿ. 2023ರಲ್ಲಿ ಶೇ. 96.8 ಫಲಿತಾಂಶ ಪಡೆದು ಇಡೀ ರಾಜ್ಯಕ್ಕೆ ಮೊದಲ ಸ್ಥಾನದಲ್ಲಿ ನಿಂತೆವು. ಆ ವರ್ಷ ರಾಜ್ಯದ ಸರಾಸರಿ ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಮೂಲಕ ಅಧಿಕಾರಿಗಳು ಕಚೇರಿಯಲ್ಲಿ ಕುಳಿತೇ ಕೊಠಡಿಗಳನ್ನು ನೋಡತೊಡಗಿದರು. ಕೃಪಾಂಕ ಹೆಚ್ಚಿಸಿ ಕೊಟ್ಟರೂ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಶೇ. 94 ಪಡೆದ ಉಡುಪಿ ಮೊದಲ ಸ್ಥಾನಕ್ಕೆ ಬಂತು, ನಾವು ಮೊದಲ ಹತ್ತರಲ್ಲೂ ಉಳಿಯಲಿಲ್ಲ. ಒಂದೇ ವರ್ಷದಲ್ಲಿ ಜಿಲ್ಲೆಯ ಶಿಕ್ಷಕರೆಲ್ಲ ಪಾಠ ಮರೆತರೇ? ಮಕ್ಕಳೆಲ್ಲ ದಡ್ಡರಾದರೇ? ಎರಡೂ ಅಲ್ಲ. ಅಳೆಯುವ ಕೋಲು ಬದಲಾಗಿತ್ತು. ಅದೇ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳಾದವು. 2025-26ನೇ ಸಾಲಿನಿಂದ ಒಟ್ಟಾರೆ ಶೇ. 33 ಅಂಕ, ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30 ಬಂದರೆ ಉತ್ತೀರ್ಣ ಎಂದಾಯಿತು. ಆದ್ದರಿಂದ ಒಂದು ಶಾಲೆಯ ಈ ವರ್ಷದ ಫಲಿತಾಂಶವನ್ನು ಅದೇ ಶಾಲೆಯ ಮೂರು ವರ್ಷದ ಹಿಂದಿನ ಫಲಿತಾಂಶದ ಪಕ್ಕದಲ್ಲಿಟ್ಟು ‘ಶಾಲೆ ಏರಿತು, ಇಳಿಯಿತು’ ಎನ್ನುವುದು ಸರಿಯಲ್ಲ. ನೋಡಲೇಬೇಕೆಂದರೆ ಅದೇ ವರ್ಷದ ತಾಲ್ಲೂಕಿನ ಸರಾಸರಿಯ ಪಕ್ಕದಲ್ಲಿಟ್ಟು ನೋಡಿ. ಹೇಳುತ್ತಿರುವುದು ಮೊದಲ ಪರೀಕ್ಷೆಯ ಫಲಿತಾಂಶವೋ, ಆಮೇಲಿನ ಪರೀಕ್ಷೆಗಳೂ ಸೇರಿದ್ದೋ ಎಂದು ಕೇಳಲು ಮರೆಯಬೇಡಿ. ಇನ್ನೊಂದು ಮಾತು: 625 ಅಂಕಗಳಲ್ಲಿ 125 ಆಂತರಿಕ ಮೌಲ್ಯಮಾಪನದ್ದು, ಶಾಲೆಯೇ ಕೊಡುವಂಥದ್ದು.

ಚಿಕ್ಕ ಶಾಲೆಗಳ ಲೆಕ್ಕವಂತೂ ಇನ್ನೂ ವಿಚಿತ್ರ. ಇಪ್ಪತ್ತೈದು ಮಕ್ಕಳು ಪರೀಕ್ಷೆ ಬರೆದ ಶಾಲೆಯಲ್ಲಿ ಒಬ್ಬ ಹುಡುಗ ಗಣಿತದಲ್ಲಿ ಬಿದ್ದರೆ ಫಲಿತಾಂಶ ನೂರರಿಂದ 96ಕ್ಕೆ ಇಳಿಯುತ್ತದೆ, ಇಬ್ಬರಾದರೆ 92ಕ್ಕೆ. ಆ ಇಬ್ಬರಿಗಾಗಿ ಒಂದು ಶಾಲೆಯನ್ನು ಕೆಟ್ಟದ್ದು ಎಂದು ಕರೆಯುತ್ತೀರಾ?

ಹಾಗಾದರೆ ನೋಡಬೇಕಾದದ್ದು ಏನು? ಹತ್ತನೆಯ ತರಗತಿಯನ್ನಲ್ಲ, ಎಂಟನೆಯ ತರಗತಿಯನ್ನು. ಹತ್ತನೆಯ ತರಗತಿಗೆ ಎಲ್ಲ ಶಾಲೆಗಳೂ ಜೀವ ಬಿಟ್ಟು ದುಡಿಯುತ್ತವೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ಡಿಸೆಂಬರ್ ದಾಟಿದರೆ ‘ಪಾಸಿಂಗ್ ಪ್ಯಾಕೇಜ್’. ಇಷ್ಟು ಚಿತ್ರ, ಇಷ್ಟು ಪತ್ರಲೇಖನ, ಒಂದು ನಕ್ಷೆ, ಒಂದು ಪ್ರಮೇಯ ಎಂದು ಗಂಟು ಕಟ್ಟಿ ಕೊಡುವುದು. ಥೇಲ್ಸನ ಪ್ರಮೇಯವನ್ನು ಅಲ್ಪವಿರಾಮದ ಸಮೇತ ಬಾಯಿಪಾಠ ಮಾಡಿ ಬರೆದು, ಎರಡು ತ್ರಿಭುಜಗಳು ಸಮರೂಪ ಎಂದರೇನು ಎಂದು ಕೇಳಿದರೆ ಮುಖ ನೋಡುವ ಮಕ್ಕಳು ಇಂಥ ಗಂಟಿನಿಂದಲೇ ಪಾಸಾದವರು. ಅದನ್ನು ನಾನು ತೆಗಳುವುದಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಎಸ್‌ಎಸ್‌ಎಲ್‌ಸಿ ಮುಟ್ಟಿದ ಹುಡುಗಿಗೆ ಆ ಪಾಸು ಬೇಕು. ಆದರೆ ಶಾಲೆ ಕಲಿಸುತ್ತದೆಯೇ ಎಂಬುದಕ್ಕೆ ಅದು ಉತ್ತರವಲ್ಲ.

ಎಂಟನೆಯ ತರಗತಿಗೆ ಬರುವ ಮಕ್ಕಳಲ್ಲಿ ಭಾಗಾಕಾರ ಬಾರದವರೂ, ಕನ್ನಡ ತಡವರಿಸಿ ಓದುವವರೂ ಇರುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ಸಾಕಷ್ಟು. ಇವರಿಗಾಗಿಯೇ ವರ್ಷದ ಆರಂಭದಲ್ಲಿ ಸೇತುಬಂಧ ನಡೆಯುತ್ತದೆ: ಮೊದಲು ಒಂದು ಪೂರ್ವ ಪರೀಕ್ಷೆ, ಹಿಂದಿನ ತರಗತಿಯ ಪಾಠಗಳು, ಆಮೇಲೆ ಸಾಫಲ್ಯ ಪರೀಕ್ಷೆ. ಕಾಗದದ ಮೇಲೆ ಎಲ್ಲ ಶಾಲೆಗಳಲ್ಲೂ ಇದು ಮುಗಿದಿರುತ್ತದೆ. ನೀವು ಮುಖ್ಯ ಶಿಕ್ಷಕರನ್ನು ಕೇಳಬೇಕಾದದ್ದು ಇಷ್ಟು: ‘ಸರ್, ಸೇತುಬಂಧ ಮುಗಿದ ಮೇಲೂ ಓದಲು ಬಾರದವರನ್ನು ಏನು ಮಾಡುತ್ತೀರಿ?’ ಒಳ್ಳೆಯ ಶಾಲೆಯ ಮುಖ್ಯ ಶಿಕ್ಷಕರು ತಕ್ಷಣ ಮಕ್ಕಳ ಹೆಸರು ಹಿಡಿದು ಮಾತನಾಡುತ್ತಾರೆ. ಇವನನ್ನು ಕನ್ನಡದ ಮೇಡಂ ಸಂಜೆ ಕೂರಿಸಿಕೊಳ್ಳುತ್ತಾರೆ, ಅವಳಿಗೆ ಕಣ್ಣಿನ ತೊಂದರೆ ಇತ್ತು, ಕನ್ನಡಕ ಬಂದ ಮೇಲೆ ಸುಧಾರಿಸಿದಳು ಎಂದು. ‘ಇಲಾಖೆಯ ಸೂಚನೆಯಂತೆ ಕ್ರಮ ಕೈಗೊಂಡಿದ್ದೇವೆ’ ಎಂಬ ಉತ್ತರ ಬಂದರೆ ಚಹಾ ಕುಡಿದು ಎದ್ದುಬನ್ನಿ.

ಸಾಧ್ಯವಾದರೆ ಎಂಟನೆಯ ತರಗತಿಯ ಒಂದು ಗಣಿತದ ನೋಟ್‌ಬುಕ್ ನೋಡಿ. ಮೊದಲ ಬೆಂಚಿನ ಹುಡುಗಿಯದ್ದಲ್ಲ. ಅವಳದ್ದನ್ನು ಅವರೇ ತೋರಿಸುತ್ತಾರೆ. ನಿಮ್ಮ ಬೀದಿಯ ಸಾಧಾರಣ ಹುಡುಗನದ್ದು ನೋಡಿ. ಪುಟದ ಕೊನೆಗೆ ಬರಿಯ ಸಹಿ ಇದೆಯೋ, ತಪ್ಪಿದ ಹೆಜ್ಜೆಗೆ ಕೆಂಪು ಶಾಯಿಯ ಗೆರೆ ಇದೆಯೋ, ಆ ಗೆರೆಯ ನಂತರ ಹುಡುಗ ಲೆಕ್ಕವನ್ನು ಮತ್ತೆ ಮಾಡಿದ್ದಾನೋ? ಇಡೀ ತರಗತಿಯ ಪುಸ್ತಕಗಳಲ್ಲಿ ಒಂದೇ ಉತ್ತರ ಒಂದೇ ಅಕ್ಷರದಲ್ಲಿದ್ದರೆ ಎಲ್ಲರೂ ಕಪ್ಪು ಹಲಗೆಯಿಂದ ನಕಲಿಳಿಸಿದ್ದಾರೆ ಎಂದರ್ಥ. ತಪ್ಪುಗಳಿರುವ ನೋಟ್‌ಬುಕ್ ಕಂಡರೆ ನನಗೆ ಸಮಾಧಾನ.

ಎಂಟನೆಯ ತರಗತಿಗೆ ಸಂಬಂಧಿಸಿದ ಇನ್ನೊಂದು ಪ್ರಶ್ನೆ, ಕೇಳಲು ಸ್ವಲ್ಪ ಧೈರ್ಯ ಬೇಕು. ಈಗ ಹತ್ತನೆಯ ತರಗತಿ ಮುಗಿಸಿದ ತಂಡದಲ್ಲಿ ಎಂಟಕ್ಕೆ ಸೇರಿದವರು ಎಷ್ಟು, ಪರೀಕ್ಷೆ ಬರೆದವರು ಎಷ್ಟು? ಅರವತ್ತು ಮಂದಿ ಸೇರಿ ನಲವತ್ತೆಂಟು ಮಂದಿ ಬರೆದಿದ್ದರೆ, ಆ ಹನ್ನೆರಡು ಮಂದಿ ಎಲ್ಲಿಗೆ ಹೋದರು? ಕೆಲವರು ವಸತಿ ಶಾಲೆಗೋ ಪೇಟೆಗೋ ಹೋಗಿರಬಹುದು, ಅದು ಶಾಲೆಯ ತಪ್ಪಲ್ಲ. ಕೆಲವರು ಅಪ್ಪ ಅಮ್ಮನ ಜೊತೆ ಗುಳೆ ಹೋಗಿರುತ್ತಾರೆ. ಒಬ್ಬಿಬ್ಬರು ಹುಡುಗಿಯರಿಗೆ ಗುಟ್ಟಾಗಿ ಮದುವೆಯಾಗಿರುತ್ತದೆ. ಶೇಂಗಾ ಕೀಳುವ ಕಾಲದಲ್ಲಿ, ಮೆಕ್ಕೆಜೋಳ ಮುರಿಯುವ ಕಾಲದಲ್ಲಿ ಹಾಜರಾತಿ ಬೀಳುವುದು ಇಲ್ಲಿ ಹೊಸದಲ್ಲ. ಆಗ ಮನೆಗೆ ಹೋಗಿ ಕರೆತರುವ ಶಿಕ್ಷಕರು ಇರುವ ಶಾಲೆ ಒಂದು. ಬಿಟ್ಟರೆ ಒಳ್ಳೆಯದೇ ಆಯಿತು, ಫಲಿತಾಂಶ ಕೆಡುವುದು ತಪ್ಪಿತು ಎನ್ನುವ ಶಾಲೆ ಇನ್ನೊಂದು. ನೂರಕ್ಕೆ ನೂರು ಎಂಬ ಬೋರ್ಡು ಎರಡರ ಮುಂದೆಯೂ ತೂಗಬಹುದು. ಖಾಸಗಿಯವರಲ್ಲೂ ಹಾಗೆ ಮಾಡುವವರಿದ್ದಾರೆ: ನಿಧಾನದ ಮಕ್ಕಳನ್ನು ಒಂಬತ್ತರಲ್ಲಿಯೇ ಟಿ.ಸಿ. ಕೊಟ್ಟು ಕಳುಹಿಸುತ್ತಾರೆ. ಅವರು ಎಲ್ಲಿಗೆ ಬರುತ್ತಾರೆಂದು ಬಲ್ಲಿರಿ, ಪಕ್ಕದ ಸರ್ಕಾರಿ ಪ್ರೌಢಶಾಲೆಗೆ!

ಶಿಕ್ಷಕರ ವಿಷಯ. ಗಣಿತ, ವಿಜ್ಞಾನ, ಇಂಗ್ಲಿಷ್ ಈ ಮೂರಕ್ಕೆ ಖಾಯಂ ಶಿಕ್ಷಕರಿದ್ದಾರೆಯೇ ಎಂದು ವಿಚಾರಿಸಿ. ಅತಿಥಿ ಶಿಕ್ಷಕರಿದ್ದರೆ ಮೂಗು ಮುರಿಯಬೇಡಿ, ಅವರಲ್ಲಿ ಬಹಳ ಚೆನ್ನಾಗಿ ಕಲಿಸುವವರಿದ್ದಾರೆ. ಕೇಳಬೇಕಾದದ್ದು, ಅವರು ಯಾವ ತಿಂಗಳು ಬಂದರು ಎಂಬುದು. ಶಾಲೆ ತೆರೆದು ಎರಡು ಮೂರು ತಿಂಗಳು ಗಣಿತದ ಪಿರಿಯಡ್‌ನಲ್ಲಿ ಮಕ್ಕಳು ಆಟವಾಡಿದ್ದರೆ ಆ ಕೊರತೆ ವರ್ಷವಿಡೀ ಕಾಡುತ್ತದೆ.

ಎಂಟನೆಯ ತರಗತಿಯವರಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ, ವರ್ಷಕ್ಕೆ ಮೂರೂವರೆ ಲಕ್ಷದೊಳಗೆ ಆದಾಯವಿರುವ ಕುಟುಂಬದ ಮಕ್ಕಳಿಗೆ ಮಾತ್ರ. ಆಯ್ಕೆಯಾದರೆ ಒಂಬತ್ತನೆಯ ತರಗತಿಯಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಶಾಲೆಯ ಎಷ್ಟು ಮಕ್ಕಳು ಕಳೆದ ಬಾರಿ ಬರೆದರು ಎಂದು ಕೇಳಿ. ಯಾವ ಸುತ್ತೋಲೆಯೂ ಒತ್ತಾಯಿಸದಿದ್ದರೂ ಮಕ್ಕಳನ್ನು ಕೂರಿಸಿ ತಯಾರು ಮಾಡುವ ಒಬ್ಬ ಶಿಕ್ಷಕರಿದ್ದರೆ ಆ ಶಾಲೆಯಲ್ಲಿ ಜೀವವಿದೆ ಎಂದು ತಿಳಿಯಿರಿ.

ಇಷ್ಟೆಲ್ಲ ಸರಿ ಇದ್ದೂ ಶಾಲೆ ನಿಮ್ಮ ಮನೆಗೆ ಹೊಂದದೆ ಇರಬಹುದು. ಹೆಣ್ಣುಮಗು ಎಂದರೆ ಮೊದಲು ಬಸ್ಸಿನ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ, ನಿಜ. ಆದರೆ ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ನಗುತ್ತಾನೆ. ಎಂಟನೆಯ ತರಗತಿಗೆ ಕೊಡುತ್ತಿದ್ದ ಸೈಕಲ್ಲೂ ಕೋವಿಡ್ ಬಂದ ಮೇಲೆ ನಿಂತಿತು. ಸಂಜೆಯ ವಿಶೇಷ ತರಗತಿ ಬಿಡುವ ಹೊತ್ತಿಗೆ ನಿಮ್ಮೂರಿಗೆ ಬಸ್ಸಿದೆಯೇ? ಇಲ್ಲದಿದ್ದರೆ ಸಮಾಜ ಕಲ್ಯಾಣ ಇಲಾಖೆಯ ಅಥವಾ ಹಿಂದುಳಿದ ವರ್ಗಗಳ (ಬಿಸಿಎಂ) ಇಲಾಖೆಯ ಮೆಟ್ರಿಕ್ ಪೂರ್ವ ಹಾಸ್ಟೆಲ್ ಹತ್ತಿರದಲ್ಲಿದೆಯೇ? ಹಾಗೆಯೇ ಹುಡುಗಿಯರ ಶೌಚಾಲಯ ನೋಡಿ, ನೋಡುವುದಾದರೆ ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಎಲ್ಲ ನಲ್ಲಿಗಳೂ ನೀರು ಕೊಡುತ್ತವೆ. ನೀರಿಲ್ಲದ ಶೌಚಾಲಯದ ಕಾರಣಕ್ಕೆ ತಿಂಗಳಲ್ಲಿ ಮೂರು ದಿನ ಮನೆಯಲ್ಲಿ ಉಳಿಯುವ ಹುಡುಗಿಗೆ ಬೀಜಗಣಿತ ಯಾರು ಕಲಿಸಬೇಕು?

ಮಾಧ್ಯಮದ ಬಗ್ಗೆ ಒಂದೇ ಮಾತು. ಏಳರವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಎತ್ತಿಹಾಕುವ ಮುನ್ನ ಮಗುವನ್ನೇ ಕೇಳಿ. ವೃತ್ತಿಶಿಕ್ಷಣದ ಸಿಇಟಿ ಸೀಟುಗಳಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15 ಮೀಸಲಾತಿ ಇದೆ. ನಡುವೆ ಮಾಧ್ಯಮ ಬದಲಿಸಿದರೆ, ಇಲ್ಲವೇ ಹಳ್ಳಿಯಿಂದ ಪೇಟೆಯ ಶಾಲೆಗೆ ಹಾಕಿದರೆ ಆ ಅವಕಾಶ ಕೈತಪ್ಪುತ್ತದೆ.

ಶಾಲೆಯ ಕೊಠಡಿ, ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆಯ ವಿವರ ಬೇಕಿದ್ದರೆ ಪ್ರತಿ ಶಾಲೆಗೂ ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್‌ನ ಹನ್ನೊಂದು ಅಂಕಿಯ ಸಂಖ್ಯೆ ಇದೆ, ಅದನ್ನು ಹಿಡಿದು ಮೊಬೈಲ್‌ನಲ್ಲಿಯೇ ನೋಡಬಹುದು. ಅದು ಶಾಲೆಯೇ ತುಂಬಿಸಿದ ಮಾಹಿತಿ ಎಂಬುದು ನೆನಪಿರಲಿ. ಉಳಿದದ್ದನ್ನು ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಸದಸ್ಯರಲ್ಲಿ, ಅದರಲ್ಲೂ ಅಲ್ಲಿ ಮಗಳನ್ನು ಓದಿಸುತ್ತಿರುವ ತಾಯಂದಿರಲ್ಲಿ ಕೇಳಿ.

ಸೇರಿಸುವುದೆಂದು ನಿರ್ಧರಿಸಿದರೆ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಕೊಡಿ. ಹಾಸ್ಟೆಲ್‌ಗೂ ವಿದ್ಯಾರ್ಥಿವೇತನಕ್ಕೂ ಅದು ಬೇಕು. ಶಾಲೆ ತೆರೆಯುವ ವಾರ ಅಲ್ಲಿಯ ಸಾಲು ರಸ್ತೆಗೆ ಬಂದಿರುತ್ತದೆ.

ನಮಸ್ಕಾರ.