ಮನಸ್ಸಿಟ್ಟು ಮಾಡುವುದು ಅಂದರೆ ಏನು?

ಎಲ್ಲರಿಗೂ ನಮಸ್ಕಾರ.

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಶ್ರದ್ಧೆಗೆ ವಿರುದ್ಧ ಪದ ಯಾವುದು? ಯಾರನ್ನು ಕೇಳಿದರೂ ಥಟ್ಟನೆ ‘ಸೋಮಾರಿತನ’ ಅನ್ನುತ್ತಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಕನ್ನಡ ಬೇರೆ ಉತ್ತರ ಕೊಡುತ್ತದೆ. ಶ್ರದ್ಧೆ ಇಲ್ಲದಿರುವುದು ಅಶ್ರದ್ಧೆ. ಅದೇ ಜನರ ಬಾಯಲ್ಲಿ ಸವೆದು ಸವೆದು ‘ಅಸಡ್ಡೆ’ ಆಯಿತು. ಅಸಡ್ಡೆ ಇರುವವರೆಲ್ಲ ಸೋಮಾರಿಗಳಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಒಂದು ನಿಮಿಷವೂ ಕೂರದೆ, ಎಲ್ಲವನ್ನೂ ಕಾಟಾಚಾರಕ್ಕೆ ಮಾಡಿ ಮುಗಿಸುವವರೂ ಇದ್ದಾರೆ, ಅಲ್ವಾ?

ಶ್ರದ್ಧೆ ಎಂಬ ಸಂಸ್ಕೃತ ಪದವನ್ನು ಬಿಡಿಸಿದರೆ ‘ಶ್ರತ್’ ಮತ್ತು ‘ಧಾ’ ಎಂಬ ಎರಡು ತುಂಡು ಸಿಗುತ್ತವೆ. ‘ಧಾ’ ಅಂದರೆ ಇಡು. ‘ಶ್ರತ್’ ಎಂಬುದು ಎದೆ, ಹೃದಯ ಎಂಬ ಹಳೆಯ ಅರ್ಥದಿಂದ ಬಂದದ್ದು ಎಂದು ಬಹಳಷ್ಟು ಭಾಷಾ ವಿದ್ವಾಂಸರು ಹೇಳುತ್ತಾರೆ. ನಂಬುತ್ತೇನೆ ಎಂಬರ್ಥದ ಲ್ಯಾಟಿನ್ ಪದ ‘ಕ್ರೇದೋ’ ಇದರ ಒಡಹುಟ್ಟು. ಹಾಗಾಗಿಯೇ ಶ್ರದ್ಧೆಗೆ ನಂಬಿಕೆ ಎಂಬ ಅರ್ಥವೂ ಇದೆ. ನಾವು ಮಕ್ಕಳಿಗೆ ದಿನಾ ‘ಮನಸ್ಸಿಟ್ಟು ಓದು’ ಅನ್ನುತ್ತೇವಲ್ಲ, ಆ ಮಾತೂ ಇದೇ. ಮನಸ್ಸನ್ನು ತೆಗೆದುಕೊಂಡು ಹೋಗಿ ಒಂದು ಕಡೆ ಇಡುವುದು.

ಇಂಗ್ಲಿಷಿನ ‘ಡಿಲಿಜೆನ್ಸ್’ ಪದದ ಬೇರು ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಅದು ಲ್ಯಾಟಿನ್ನಿನ ‘ದಿಲಿಗೆರೆ’ಯಿಂದ ಬಂದದ್ದು. ಮೊದಲ ಅರ್ಥ, ಹಲವುಗಳ ನಡುವಿನಿಂದ ಆರಿಸಿಕೊಳ್ಳುವುದು. ಆರಿಸಿಕೊಂಡದ್ದಕ್ಕೆ ಬೆಲೆ ಕೊಡುತ್ತೇವೆ, ಬೆಲೆ ಕೊಟ್ಟದ್ದನ್ನು ಪ್ರೀತಿಸುತ್ತೇವೆ. ಹೀಗೆ ಆ ಪದಕ್ಕೆ ಪ್ರೀತಿಸು ಎಂಬ ಅರ್ಥ ಬಂತು. ಕಡೆಗಣಿಸುವುದಕ್ಕೆ ಇಂಗ್ಲಿಷಿನವರು ಹೇಳುವ ‘ನೆಗ್ಲೆಕ್ಟ್’ ಕೂಡ ಇದೇ ಬಳ್ಳಿಯದು. ಒಂದು ಆರಿಸಿ ಎತ್ತಿಕೊಳ್ಳುವುದು, ಇನ್ನೊಂದು ಎತ್ತಿಕೊಳ್ಳದೆ ಬಿಟ್ಟುಹೋಗುವುದು. ಎರಡರಲ್ಲೂ ಬೆವರಿನ ಮಾತೇ ಇಲ್ಲ ನೋಡಿ.

ಗ್ರೀಕಿನಲ್ಲಿ ‘ಅಕೇದಿಯಾ’ ಎಂಬ ಪದವಿದೆ. ಕ್ರೈಸ್ತ ಸಂನ್ಯಾಸಿಗಳು ಅದನ್ನು ಮನಸ್ಸಿನ ದೊಡ್ಡ ಕೇಡು ಎಂದು ಎಣಿಸುತ್ತಿದ್ದರು. ಈಗ ಅದನ್ನು ಸೋಮಾರಿತನ ಎಂದು ಅರ್ಥ ಮಾಡುತ್ತಾರೆ. ಆದರೆ ‘ಕೇದೊಸ್’ ಅಂದರೆ ಕಾಳಜಿ. ಅದರ ಮೊದಲಿಗೆ ಒಂದು ‘ಅ’ ಸೇರಿದೆ. ಕಾಳಜಿ ಇಲ್ಲದಿರುವುದು. ನಮ್ಮ ಅಸಡ್ಡೆಯದೂ ಅದೇ ಕಟ್ಟು. ಅಷ್ಟು ದೂರದ ಎರಡು ಭಾಷೆಗಳು ಒಂದೇ ಕಡೆ ಬೆರಳು ತೋರಿಸುತ್ತಿವೆ.

ಶ್ರಮ, ಪರಿಶ್ರಮ, ದುಡಿಮೆ ಇವೆಲ್ಲ ಬೇರೆ ಗುಂಪಿನ ಪದಗಳು. ಶ್ರಮದ ಬೇರಿನಲ್ಲಿ ಇರುವುದು ದಣಿವು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯೂ ಈ ಗುಂಪಿನ ಪರವಾಗಿಯೇ ಮಾತಾಡುತ್ತದೆ. ದಣಿಯುವವರ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಎಷ್ಟು ದಣಿದರು ಎಂದು ಮಾತ್ರ ಲೆಕ್ಕ ಹಾಕಿದರೆ, ಎಷ್ಟು ಗಮನ ಕೊಟ್ಟರು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಇದು ನನ್ನನ್ನು ಕಾಡುತ್ತದೆ. ಮಗು ಎಷ್ಟು ಗಂಟೆ ಓದಿತು ಎಂದು ಕೇಳುತ್ತೇವೆ. ಓದಿದ್ದರಲ್ಲಿ ಯಾವುದು ಇಷ್ಟವಾಯಿತು ಎಂದು ಕೇಳುವುದು ಕಡಿಮೆ.

12ನೇ ಶತಮಾನದ ಶರಣರ ‘ಕಾಯಕ’ ಈ ಎರಡು ಗುಂಪನ್ನೂ ಸೇರಿಸುತ್ತದೆ. ಪದ ಹುಟ್ಟಿದ್ದು ಕಾಯದಿಂದ, ಅಂದರೆ ಮೈಯಿಂದ. ಆದರೆ ಮನಸ್ಸು ಶುದ್ಧವಾಗಿಲ್ಲದ ಬರಿಯ ದುಡಿತವನ್ನು ಅವರು ಕಾಯಕ ಎಂದು ಒಪ್ಪಲಿಲ್ಲ.

ನನಗೆ ಜಾಸ್ತಿ ಇಷ್ಟವಾದ ಪದಗಳು ಇನ್ನೆರಡು. ಒಂದು ‘ಜತನ’. ಇದು ‘ಯತ್ನ’ದಿಂದ ಬಂದದ್ದು. ಯತ್ನ ಅಂದರೆ ಪ್ರಯತ್ನ. ಆದರೆ ಜತನ ಆಗುವ ಹೊತ್ತಿಗೆ ಅದು ಎಷ್ಟು ಮೆತ್ತಗಾಗಿದೆ! ‘ಜತನವಾಗಿ ಇಟ್ಟುಕೋ’ ಅಂದಾಗ ಎರಡೂ ಕೈ ತಾವಾಗಿಯೇ ಬೊಗಸೆಯಾಗುತ್ತವೆ. ಇನ್ನೊಂದು ‘ಮುತುವರ್ಜಿ’. ಅರಬ್ಬಿಯ ‘ಮುತವಜ್ಜಿಹ್’ ನಮ್ಮಲ್ಲಿಗೆ ಬಂದು ಹೀಗಾಯಿತು. ಅಲ್ಲಿ ಅದರ ಅರ್ಥ, ಒಂದರ ಕಡೆಗೆ ಮುಖ ತಿರುಗಿಸಿದವನು. ಯಾರಾದರೂ ಕರೆದಾಗ ಫೋನ್ ನೋಡುತ್ತಲೇ ‘ಹೂಂ’ ಅನ್ನುವುದು ಒಂದು. ಫೋನ್ ಕೆಳಗಿಟ್ಟು ಅವರ ಕಡೆ ತಿರುಗುವುದು ಇನ್ನೊಂದು. ಮುತುವರ್ಜಿ ಎಂಬುದು ಆ ತಿರುಗುವಿಕೆ.

ಪಾಲಿ ಭಾಷೆಯಲ್ಲಿ ‘ಅಪ್ಪಮಾದ’ ಎಂಬ ಪದವಿದೆ, ಅಂದರೆ ಸಂಸ್ಕೃತದ ‘ಅಪ್ರಮಾದ’. ಮೈಮರೆಯದಿರುವುದು, ಎಚ್ಚರ ತಪ್ಪದಿರುವುದು. ಅದರಿಂದಲೇ ಸಾಧಿಸಿ ಎಂಬುದು ಬುದ್ಧನ ಕೊನೆಯ ಮಾತು ಎಂದು ಬೌದ್ಧ ಗ್ರಂಥಗಳು ಹೇಳುತ್ತವೆ. ನಾವು ದೊಡ್ಡ ತಪ್ಪಿಗೆ ‘ಪ್ರಮಾದ’ ಅನ್ನುತ್ತೇವೆ. ಮೂಲದಲ್ಲಿ ಪ್ರಮಾದ ಅಂದರೆ ತಪ್ಪು ಆಗುವುದಕ್ಕೆ ಮುಂಚಿನ ಆ ಮೈಮರೆವು.

ಇದನ್ನೆಲ್ಲ ಒಂದೇ ಕಡೆ ಕಾಣಬೇಕಾದರೆ ಕರಡು ತಿದ್ದುವವರ ಪಕ್ಕ ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ. ಸಾಲಿನ ಕೆಳಗೆ ಒಂದು ಪಟ್ಟಿ ಇಟ್ಟುಕೊಂಡಿರುತ್ತಾರೆ. ಕಣ್ಣು ಮುಂದಿನ ಸಾಲಿಗೆ ಜಾರಬಾರದು ಎಂದು. ವಾಕ್ಯದ ಓಟಕ್ಕೆ ಸಿಕ್ಕಿದರೆ ಅಕ್ಷರ ಕಾಣುವುದಿಲ್ಲ. ಹಾಗಾಗಿ ಕೆಲವರು ಸಾಲನ್ನು ಕೊನೆಯಿಂದ ಮೊದಲಿಗೆ ಓದುತ್ತಾರೆ. ‘ಥ’ದ ಹೊಟ್ಟೆಯಲ್ಲಿ ಒಂದು ಚುಕ್ಕೆ ಇದೆ. ಅದು ಬಿದ್ದುಹೋದರೆ ‘ಅರ್ಥ’ ‘ಅರ್ಧ’ವಾಗುತ್ತದೆ. ಆ ಒಂದು ಚುಕ್ಕೆಗಾಗಿ ಅವರ ಪೆನ್ನು ನಿಲ್ಲುತ್ತದೆ. ಅಂಚಿನಲ್ಲಿ ಸಣ್ಣದೊಂದು ಗುರುತು ಬೀಳುತ್ತದೆ. ಓದುವವರಿಗೆ ಅವರ ಹೆಸರೂ ಗೊತ್ತಿರುವುದಿಲ್ಲ. ಪುಟ ಮುಗಿಯಿತು ಎಂದು ಪಕ್ಕಕ್ಕೆ ಇಡುತ್ತಾರೆ. ಇನ್ನೊಂದು ಪುಟ ತೆಗೆದುಕೊಳ್ಳುತ್ತಾರೆ. ಆಮೇಲೆ ಏನೋ ಅನುಮಾನ ಬಂದು, ಇಟ್ಟ ಪುಟವನ್ನು ಮತ್ತೆ ಹತ್ತಿರ ಎಳೆದುಕೊಳ್ಳುತ್ತಾರೆ.