ಹಳೇ ರಿಯೋಹಾ: ಗಾಳಿ ಎಷ್ಟು ಬೇಕು?

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವುದು ಸ್ಪೇನಿನ ರಿಯೋಹಾ ಸೀಮೆಯ ಕೆಂಪು ವೈನ್, ಗ್ರಾನ್ ರೆಸೆರ್ವಾ ದರ್ಜೆಯದು, 2001ರ ಫಸಲು. ರಿಯೋಹಾದವರೇ ‘ಅತ್ಯುತ್ತಮ’ ಎಂದು ಷರಾ ಬರೆದ ವರ್ಷ. ಇದರ ಟೆಂಪ್ರನಿಯೊ ದ್ರಾಕ್ಷಿಯ ಪರಿಚಯ ನಿಮಗಿದೆ, ಪೀಠಿಕೆ ಬೇಡ. ನನ್ನ ತಕರಾರು ಒಂದೇ ಮಾತಿನ ಮೇಲೆ: “ವೈನಿಗೆ ಗಾಳಿ ಆಡಲಿ, ಬೆಳಿಗ್ಗೆಯೇ ಬಿರಡೆ ತೆಗೆದಿಡಿ.” ನಾಲ್ಕೈದು ವರ್ಷದ ಒಗರು ವೈನಿಗೆ ಇದು ನಡೆದೀತು. ಇಪ್ಪತ್ತು ದಾಟಿದ್ದಕ್ಕೆ ಮಾತ್ರ ಬೇಡವೇ ಬೇಡ.

ಯಾಕೆಂದರೆ ಈ ವೈನ್ ಗಾಳಿ ಕಂಡೇ ಬೆಳೆದದ್ದು. ಗ್ರಾನ್ ರೆಸೆರ್ವಾ ಎನ್ನಿಸಿಕೊಳ್ಳಲು ಕನಿಷ್ಠ 5 ವರ್ಷ ಮಾಗಬೇಕು. ಅದರಲ್ಲಿ 2 ವರ್ಷವಾದರೂ ಓಕ್ ಪೀಪಾಯಿಯಲ್ಲಿ. ರೂಢಿಯ ಪೀಪಾಯಿ 225 ಲೀಟರಿನದು. ಹಳೇ ಪದ್ಧತಿಯ ವೈನ್ ತಯಾರಕರಲ್ಲಿ ತಳದ ಮಡ್ಡಿ ಬಿಟ್ಟು ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಬಸಿಯುತ್ತಾರೆ. ಪ್ರತಿ ಸಲವೂ ಗಾಳಿ ತಾಗುತ್ತದೆ. ಆಮೇಲೂ ಬೆಳಗಿನಿಂದ ಬಾಯಿ ತೆರೆದಿಟ್ಟರೆ ಉಳಿಯುವುದು ಹುಳಿ ಮಾತ್ರ.

ಬಾಟಲಿಗೆ ಸುತ್ತಿರುವ ಈ ತಂತಿ ಬಲೆ ನೋಡಿ. ಇದರ ಕಥೆ ಹೇಳದೆ ಮುಂದೆ ಹೋಗಲಾರೆ. ರಿಯೋಹಾದ ಎಲ್ಸಿಯೇಗೊ ಊರಿನ ಮಾರ್ಕೆಸ್ ದೆ ರಿಸ್ಕಾಲ್ ಎಂಬ ತಯಾರಕರ ವೈನಿಗೆ 1895ರಲ್ಲಿ ಬೋರ್ಡೋ ಪ್ರದರ್ಶನದಲ್ಲಿ ಗೌರವ ಡಿಪ್ಲೊಮಾ ಬಂತು. ಫ್ರೆಂಚರ ಅಂಗಳದಲ್ಲೇ! ಹೆಸರು ಬಂದ ಕೂಡಲೇ ನಕಲಿ ಮಾಲೂ ಬಂತು. ಖಾಲಿ ಬಾಟಲಿಗೆ ಕಳಪೆ ವೈನ್ ತುಂಬಿ, ಬಿರಡೆ ಜಡಿದು ಮಾರುವ ಕಸುಬು. ಅದಕ್ಕೇ ಬಲೆ ಸುತ್ತಿ ಮುದ್ರೆ ಹಾಕಿದರಂತೆ: ಬಲೆ ಕತ್ತರಿಸದೆ ಬಿರಡೆ ಬಾರದು, ಕತ್ತರಿಸಿದ್ದನ್ನು ಮತ್ತೆ ಹೊಂದಿಸಲಾಗದು. ಈಗ ಇದು ಬರೀ ಅಲಂಕಾರ. ಬೇರೆ ತಯಾರಕರೂ ಸುತ್ತಿಕೊಂಡರು. ಹೀಗಾಗಿ ನಕಲು ತಡೆಯಲು ಬಂದ ಬಲೆಯೇ ನಕಲಾಯಿತು.

ಸರಿ, ಕೆಲಸಕ್ಕೆ ಬರೋಣ. ಎರಡು ದಿನ ಮೊದಲೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಮಡ್ಡಿ ತಳ ಸೇರಲಿ. ಅದು ಬಣ್ಣವೂ ಒಗರು ಕೊಡುವ ಟ್ಯಾನಿನ್ನೂ ಗಂಟಾಗಿ ಇಳಿದದ್ದು. ಕೆಡುಕಲ್ಲ, ಬಾಯಿಗೆ ಕಹಿ, ಅಷ್ಟೇ. ಕುಡಿಯುವಾಗ 16ರಿಂದ 18 ಡಿಗ್ರಿ ಇರಲಿ. ಬೆಂಗಳೂರಿನ ಏಪ್ರಿಲ್ಲಿನಲ್ಲಿ ‘ಕೋಣೆಯ ಉಷ್ಣತೆ’ ಎಂದರೆ ಮದ್ಯದ ಘಾಟು ಮಾತ್ರ ಮೂಗಿಗೆ ಬಡಿಯುತ್ತದೆ. ಫ್ರಿಜ್ಜಿನಲ್ಲಿ ಸುಮಾರು ಒಂದೂವರೆ ಗಂಟೆ ಬೇಕು, ನಿಂತಂತೆಯೇ.

ಹಳೇ ಬಿರಡೆ ಮೆತ್ತಗಾಗಿರುತ್ತದೆ. ತಿರುಪು ನಡುವೆ ಕೊರೆದರೆ ಪುಡಿಪುಡಿ. ಎರಡು ತೆಳು ಅಲಗಿನ ಓಪನರ್ ತಗೊಳ್ಳಿ. ಉದ್ದದ ಅಲಗು ಮೊದಲು, ಬಿರಡೆಗೂ ಗಾಜಿಗೂ ನಡುವೆ. ಅತ್ತಿತ್ತ ಅಲ್ಲಾಡಿಸುತ್ತ ಇಳಿಸಿ, ತಿರುಗಿಸುತ್ತ ಮೇಲೆತ್ತಿ. ಒತ್ತಿದರೆ ಬಿರಡೆ ಒಳಗೆ ಬೀಳುತ್ತದೆ. ಬಾಯಂಚು ಒರೆಸಿ. ಬಾಟಲಿಯ ಕತ್ತಿನ ಕೆಳಗೆ ಟಾರ್ಚ್ ಹಿಡಿದು, ಒಂದೇ ಧಾರೆಯಲ್ಲಿ ಜಗ್ಗಿಗೆ ಬಗ್ಗಿಸಿ. ನಡುವೆ ಎತ್ತಿದರೆ ಮಡ್ಡಿ ಕದಡುತ್ತದೆ. ಕಪ್ಪು ಎಳೆ ಭುಜಕ್ಕೆ ಬಂದಾಗ ನಿಲ್ಲಿಸಿ. ಕೊನೆಯ ನಾಲ್ಕು ಚಮಚ ಹೋಗಲಿ ಬಿಡಿ, ಜಿಪುಣತನ ಬೇಡ. ತಕ್ಷಣ ಗ್ಲಾಸಿಗೆ ಹಾಕಿ. ಗಾಳಿಯ ಮಾತು ಎತ್ತಬೇಡಿ ಎಂದೆನಲ್ಲ.

ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರಬೇಕು. ಅಲ್ಲಾಡಿಸುವ ಮೊದಲೇ ಒಮ್ಮೆ ಮೂಸಿ: ಒಣ ಅಂಜೂರ, ತೊಗಲು, ತಂಬಾಕು. ಅಮೆರಿಕನ್ ಓಕ್ ಆಗಿದ್ದರೆ ವೆನಿಲ್ಲಾ, ಕೊಬ್ಬರಿ.

ಚೀಟಿ ಬಂತು, ಐದೇ ನಿಮಿಷವಂತೆ. ವೈನಿನ ದೋಷಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ಕಾಟ, ಕಾದರೂ ಹೋಗದು. ನೇಲ್ ಪಾಲಿಶಿನ ಘಾಟು ಬಂದರೆ ವಿನಿಗರ್ ಕಡೆ ಹೊರಟಿದೆ. ಬಿರಡೆ ಮೇಲೆ ಉಬ್ಬಿ ಕತ್ತು ಅಂಟಂಟಾಗಿದ್ದರೆ ದಾರಿಯಲ್ಲಿ ಬಿಸಿಲುಂಡಿರಬಹುದು. ಹುಳಿಯ ಬಗ್ಗೆ ಹೇಳುವುದಿತ್ತು, ಹೋಗಲಿ, ನಾಲಿಗೆಯೇ ಹೇಳುತ್ತದೆ.

ತಲೆಗೆ 50 ಮಿಲಿ. ಮೊದಲ ಗುಟುಕು ಈಗ, ಎರಡನೆಯದು ಕಾಲು ಗಂಟೆ ಬಿಟ್ಟು, ಕೊನೆಯದು ಒಂದು ಗಂಟೆಗೆ. ಮೂರನ್ನೂ ಬರೆದುಕೊಳ್ಳಿ, ಗಾಳಿ ಪಕ್ಷದವರ ಜೊತೆ ಆಮೇಲೆ ಮಾತಾಡುತ್ತೇನೆ. ಉಗಿಯುವ ಬಕೆಟ್ ಎಡಗಡೆ ಇದೆ.