ಅರ್ಧಕ್ಕೆ ನಿಂತಿದ್ದ ಕೋಟೆ ಮುಗಿಸೋಣ ಬನ್ನಿ, ಆದರೆ ಕಾವೇರಿ ಸೋರಿಹೋಯಿತು

ಧೂಳು ಒರೆಸುವುದು ವಿಡಿಯೋದಲ್ಲಿ ನಿಮಗೇ ಕಾಣುತ್ತಿದೆ, ಅದಕ್ಕೆ ಮಾತು ದಂಡ. ಅಟ್ಟದಿಂದ ಇಳಿದಿರುವುದು ಇಷ್ಟು: ಶ್ರೀರಂಗಪಟ್ಟಣದ ಕೋಟೆ ಗೋಡೆ, ಒಂದು ತುಂಡು ಹೊಳೆ, ಒಂದು ಮರಗಳ ತೋಪು. ಎಲ್ಲವೂ ಮುಕ್ಕಾಲು ಆಗಿ ನಿಂತವು. ಮಿನಿಯೇಚರ್ ಯುದ್ಧ, ಅಂದರೆ ಟೇಬಲ್ ಮೇಲೆ ಪುಟ್ಟ ಸಿಪಾಯಿ ಗೊಂಬೆ ಇಟ್ಟು ಹಳೇ ಯುದ್ಧ ಆಡುವವರ ಮನೆಯಲ್ಲೆಲ್ಲ ಇದೇ ಹಣೆಬರಹ. ಸಿಪಾಯಿಯ ಕೋಟಿನ ಗುಂಡಿಗೂ ಬಣ್ಣ ಹಚ್ಚಿರುತ್ತೇವೆ, ಅವನು ನಿಲ್ಲುವ ನೆಲ ಮಾತ್ರ ಬರೀ ಬಿಳಿ ಥರ್ಮಾಕೋಲ್.

ಮೊದಲು ಗೋಡೆ. ಇದು ಥರ್ಮಾಕೋಲ್ ಅಲ್ಲ, ಎಕ್ಸ್‌ಪಿಎಸ್ ಫೋಮ್, ಅದಕ್ಕಿಂತ ಗಟ್ಟಿಯಾದ ಹಾಳೆ. ಮಂಡ್ಯದಲ್ಲಿ ಹುಡುಕಿ ಸಾಕಾಗಿ ಬೆಂಗಳೂರಿನಿಂದ ತರಿಸಿದ್ದು. ಥರ್ಮಾಕೋಲ್ ಕತ್ತರಿಸಿದರೆ ಕಾಳುಕಾಳಾಗಿ ಉದುರುತ್ತದೆ, ಮನೆಯಲ್ಲಿ ಬೈಗುಳ ಬೇರೆ. ಇದರ ಮೇಲೆ ಖಾಲಿ ರೀಫಿಲ್‌ನಿಂದ ಗೆರೆ ಎಳೆದರೆ ಸಾಕು, ಕಲ್ಲು ಕಲ್ಲಾಗಿ ಕಾಣುತ್ತದೆ. ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ ಒತ್ತುತ್ತಿದ್ದೇನೆ ನೋಡಿ, ಅದು ಗ್ರಾನೈಟಿನ ತರಿ ಬರಲಿ ಅಂತ. ಆಮೇಲೆ ಫೆವಿಕಾಲ್, ಕಪ್ಪು ಅಕ್ರಿಲಿಕ್ ಬಣ್ಣ, ಸ್ವಲ್ಪ ನೀರು ಕಲಸಿ ಪೂರ್ತಿ ಬಳಿಯಬೇಕು. ಈ ಕೋಟಿಂಗ್ ಬಿಟ್ಟು ನೇರವಾಗಿ ಸ್ಪ್ರೇ ಪೇಂಟ್ ಹೊಡೆದರೆ ಅದರಲ್ಲಿರುವ ಸಾಲ್ವೆಂಟ್ ಫೋಮನ್ನೇ ತಿಂದುಹಾಕುತ್ತದೆ. ಒಣಗಿದ ಮೇಲೆ ಬೂದು, ಅದರ ಮೇಲೆ ತಿಳಿ ಬೂದು ಡ್ರೈಬ್ರಶ್, ಅಂದರೆ ಬಣ್ಣ ಒರೆಸಿದ ಒಣ ಬ್ರಶ್‌ನಿಂದ ಮೇಲೆ ಮೇಲೆ ಸವರುವುದು. ಬುಡದಲ್ಲಿ ಮಾತ್ರ ನೀರಾದ ಕಂದು ಬಣ್ಣ, ಪಾಚಿ ಕಟ್ಟಿದ ಹಾಗೆ. ಮೂರಡಿ ದೂರದಿಂದ ಚೆನ್ನಾಗಿ ಕಂಡರೆ ಮುಗಿಯಿತು. ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡುವವರಿಗೆ ಕಾಫಿ ಕೊಟ್ಟು ಕಳಿಸಿ.

ಈಗ ಹೊಳೆ. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಮಾತಾಡುತ್ತೇನೆ, ತಡೆದುಕೊಳ್ಳಿ.

ನೀರಿನ ಬದಲು ಎಪಾಕ್ಸಿ ರೆಸಿನ್, ಸುರಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುವ ಅಂಟು, ಮುಕ್ಕಾಲು ಕೆಜಿ ಕಿಟ್, 800 ರೂಪಾಯಿ. ರೆಸಿನ್ ಎರಡು ಪಾಲು, ಹಾರ್ಡನರ್ ಒಂದು ಪಾಲು. ನಿಧಾನವಾಗಿ ಕಲಸಿ, ತೆಳುವಾಗಿ ಒಂದೊಂದೇ ಪದರ ಸುರಿಯಬೇಕು. ಒಂದೇ ಸಲ ದಪ್ಪ ಸುರಿದರೆ ಒಳಗೇ ಕಾದು ಹಳದಿಯಾಗುತ್ತದೆ, ಬಿರುಕೂ ಬಿಡಬಹುದು. ಹೊಳೆಯ ಎರಡು ತುದಿಗೆ ಅಣೆಕಟ್ಟಿನ ಹಾಗೆ ಟೇಪ್ ಸುತ್ತಿದ್ದೆ. ಪ್ಯಾಕೆಟ್ ಮೇಲೆ ದೊಡ್ಡದಾಗಿ ಲೀಕ್‌ಪ್ರೂಫ್ ಅಂತ ಬರೆದಿತ್ತು. ಸುರಿದೆ, ಚೆನ್ನಾಗಿ ಕೂತಿತು, ಊಟಕ್ಕೆ ಹೋದೆ. ಬಂದು ನೋಡಿದರೆ ಟೇಪ್ ಬಾಯಿ ಬಿಟ್ಟುಕೊಂಡು ನಿಂತಿದೆ. ಮಂಡ್ಯದ ಮನೆಯಿಂದ ಕಾವೇರಿ ಯಾರ ಅಪ್ಪಣೆಯನ್ನೂ ಕೇಳದೆ ಆಚೆ ಹೋಗಿದ್ದಾಳೆ. ಟ್ರಿಬ್ಯುನಲ್ ಇಲ್ಲ, ಬಂದ್ ಇಲ್ಲ, ಸೀದಾ ಕೆಳಗೆ.

ಕೆಳಗೆ ಹಳೇ ಪೇಪರ್ ಹಾಸಿದ್ದೆ. ಅದು ನೆಲಕ್ಕೇ ಅಂಟಿಕೊಂಡಿತು. ಈ ಕ್ಲೋಸಪ್ ನೋಡಿ: ಗಾಜಿನಷ್ಟು ಸ್ಪಷ್ಟವಾಗಿ ಒಂದು ವಧು-ವರ ಜಾಹೀರಾತು. ವರನಿಗೆ ಸ್ವಂತ ಮನೆ, ಎರಡು ಎಕರೆ ನೀರಾವರಿ. ಪಕ್ಕದಲ್ಲಿ ಒಂದು ಇರುವೆ, ನಡೆಯುವ ಭಂಗಿಯಲ್ಲೇ ಸಿಕ್ಕಿಬಿದ್ದಿದೆ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ರೆಸಿನ್ ಮೆತ್ತಗಾಗುತ್ತದೆ, ಆಗ ಪುಟ್ಟಿ ಬ್ಲೇಡ್‌ನಿಂದ ಕೀಳಬಹುದು. ಕಿತ್ತೆ, ಕಿತ್ತೆ, ಬೆನ್ನು ಬಿದ್ದುಹೋಯಿತು. ವರ ಮಾತ್ರ ಇನ್ನೂ ನೆಲದಲ್ಲೇ ಇದ್ದಾನೆ. ಟೇಪಿನ ಅಂಗಡಿಯವರಿಗೆ ಫೋಟೋ ಕಳಿಸಿದೆ. ‘ಇದು ನೀರಿಗೆ ಮಾತ್ರ ಸಾರ್’ ಅಂದರು. ಅಲ್ಲಾ ಸ್ವಾಮಿ, ಬರೀ ನೀರಿಗಾದರೆ ನಾನು ಬಕೆಟ್ ತರುತ್ತಿರಲಿಲ್ವಾ?

ಹೊಳೆಯಲ್ಲಿ ಉಳಿದದ್ದು ತೆಳು ಪದರ. ಮಧ್ಯೆ ಬಂಡೆಗಳೆಲ್ಲ ಮೇಲೆದ್ದು ಕಾಣುತ್ತಿವೆ. ಇನ್ನೊಂದು ಕಿಟ್ ತರಿಸೋಣ ಅಂತಿದ್ದೆ. ಆಮೇಲೆ ತಲೆಗೆ ಹೊಳೆಯಿತು: ನಾವು ಆಡುವುದು 1799ರ ಮೇ 4, ಇಂಗ್ಲಿಷರು ಹೊಳೆ ದಾಟಿ ಟಿಪ್ಪುವಿನ ಕೋಟೆಗೆ ನುಗ್ಗಿದ ದಿನ. ಕಡು ಬೇಸಿಗೆ. ಕನ್ನಂಬಾಡಿ ಕಟ್ಟೆ ಆಗ ಎಲ್ಲಿತ್ತು? ಹೊಳೆ ಬತ್ತಿ, ಬಂಡೆ ಎದ್ದು, ಸೈನಿಕರು ಕಾಲ್ನಡಿಗೆಯಲ್ಲೇ ದಾಟಿದರು. ಮಳೆ ಹಿಡಿದು ಕಾವೇರಿ ತುಂಬಿದರೆ ಕೆಲಸ ಕೆಟ್ಟಿತು ಅಂತಲೇ ಇಂಗ್ಲಿಷರಿಗೆ ಅಷ್ಟು ಅವಸರ. ಅಂದಮೇಲೆ ನಾನು ದಡ ಮುಟ್ಟ ತುಂಬಿಸಲು ಹೊರಟಿದ್ದ ಹೊಳೆಯೇ ಸುಳ್ಳು, ಈ ಸೋರಿದ ಹೊಳೆ ನಿಜ. ಎರಡನೇ ಕಿಟ್ ಕ್ಯಾನ್ಸಲ್. ಟೇಪ್ ಮೇಲಿನ ಸಿಟ್ಟು ಹಾಗೇ ಇದೆ, ಅದು ಬೇರೆ ವಿಷಯ.

ಅಗಲದ ಸುಳ್ಳು ಇದ್ದೇ ಇದೆ ಬಿಡಿ. 28 ಮಿಲಿಮೀಟರ್ ಗೊಂಬೆ ಅಂದರೆ ಹೆಚ್ಚೂಕಮ್ಮಿ 1:56 ಲೆಕ್ಕ. ಹೊಳೆ ನೂರೇ ಮೀಟರ್ ಅಂತ ಇಟ್ಟುಕೊಂಡು ಆ ಲೆಕ್ಕಕ್ಕೆ ಇಳಿಸಿದರೂ ಆರಡಿ ಟೇಬಲ್ ಪೂರ್ತಿ ಹೊಳೆಯೇ ಆಗುತ್ತದೆ. ಕೋಟೆಯನ್ನು ಅಡುಗೆಮನೆಯಲ್ಲಿ ಇಡಬೇಕು. ಹಾಗಾಗಿ ನನ್ನ ಕಾವೇರಿ ಒಂದಡಿ. ಯಾರೂ ಕೇಳುವುದಿಲ್ಲ.

ಬಂಡೆಯ ಸುತ್ತ ಎಂ-ಸ್ಯಾಂಡ್ ಉದುರಿಸುತ್ತಿದ್ದೇನೆ. ಪಕ್ಕದ ಮನೆ ಕಟ್ಟುತ್ತಿದ್ದಾರೆ, ಕೇಳಿಯೇ ತಂದದ್ದು.

ಹುಲ್ಲು. ಸ್ಟಾಟಿಕ್ ಗ್ರಾಸ್ ಅಂತ ಕೃತಕ ಹುಲ್ಲಿನ ಎಳೆ, ಹೊರದೇಶದ ಪುಟ್ಟ ಡಬ್ಬಿ, 650 ರೂಪಾಯಿ. ಈ ದುಡ್ಡಿಗೆ ನಮ್ಮೂರಲ್ಲಿ ನಿಜವಾದ ಹುಲ್ಲು ಹೊರೆಗಟ್ಟಲೆ ಬರುತ್ತದೆ. ದುಡ್ಡು ದಂಡ, ಬೇಡವೇ ಬೇಡ. ಸರಿ, ಈ ಗುಡ್ಡದ ಮೇಲೆ ಹಾಕಿದ್ದು ಚೆನ್ನಾಗಿ ಕಾಣುತ್ತಿದೆ, ಒಪ್ಪಿದೆ. ಆದರೆ ಮೇ ತಿಂಗಳಲ್ಲಿ ಇಷ್ಟು ಹಸಿರು ಎಲ್ಲಿ ಬರಬೇಕು? ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಫೆವಿಕಾಲ್ ಮೇಲೆ ಉದುರಿಸಿ, ಒಣಗಿದ ಹುಲ್ಲೇ ಅದು. ಅಮ್ಮ ಬಂದು ನೋಡಿ, ‘ದಸರಾ ಗೊಂಬೆಗೆ ನಾವು ರಾಗಿ ಪೈರು ಬೆಳೆಸುತ್ತೇವೆ, ನಿಂದೇನು ಕಸಬರಿಕೆ ಥರ’ ಅಂದರು. ಆಟಕ್ಕೆ ನೆಲ, ಗುಡ್ಡ ಮಾಡುವ ಈ ಟೆರೇನ್ ಎಂಬ ವಿದ್ಯೆ ಹೊರದೇಶದ್ದು ಅಂದುಕೊಂಡಿದ್ದೆ. ನಮ್ಮ ಮನೆ ಗೊಂಬೆ ಹಬ್ಬದಲ್ಲಿ ಅಜ್ಜಿ ಪಾರ್ಕ್, ಬೆಟ್ಟ, ಕನ್ನಡಿಯ ಕೆರೆ ಎಲ್ಲ ಮಾಡುತ್ತಿದ್ದರು. ಪಟ್ಟದ ಗೊಂಬೆ ಕೈಯಲ್ಲಿ ಬಂದೂಕು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಈ ಗುಡ್ಡ ನವರಾತ್ರಿಗೆ ಬೇಕಂತೆ. ಕೊಡಲ್ಲ ಅಂದಿದ್ದೇನೆ. ಕೊಡುತ್ತೇನೆ.

ಅಯ್ಯೋ, ಕ್ಲಿಪ್ ಮುಗಿಯುತ್ತಿದೆ, ತೋಪು ಬಾಕಿ. ತಂತಿ ಹೊಸೆದು ಕಾಂಡ, ಹರಿದ ಸ್ಪಂಜು ಎಲೆ. ಮರಗಳನ್ನು ಬೋರ್ಡಿಗೆ ಅಂಟಿಸಬೇಡಿ. ಆಡುವಾಗ ಕೈ ಆಡಬೇಕು, ಎತ್ತಿಡುವ ಹಾಗಿರಲಿ. ಇದು ಸುಲ್ತಾನ್‌ಪೇಟೆ ತೋಪು. 1799ರ ಏಪ್ರಿಲ್ 5ರ ರಾತ್ರಿ ಇಂಗ್ಲಿಷರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಇದರೊಳಗೆ ನುಗ್ಗಿ, ಕತ್ತಲಲ್ಲಿ ದಿಕ್ಕುತಪ್ಪಿ ವಾಪಸ್ ಓಡಿದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇವನೇ. ನನಗೆ ಕೋಟೆಗಿಂತ ಈ ಆಟವೇ ಇಷ್ಟ.

ನನ್ನ ತಮ್ಮ ಟಿಪ್ಪು ಕಡೆ ಆಡುತ್ತಾನೆ. ಈಗ ತಾನೇ ಬಂದು ಟೇಬಲ್ ಸುತ್ತು ಹಾಕಿ, ‘ಒಳಗೋಡೆ ಎಲ್ಲಿ?’ ಅಂತ ಕೇಳಿದ. ಸರಿಯಾಗಿಯೇ ಕೇಳಿದ್ದಾನೆ. ಹೊರಗೋಡೆ ಹತ್ತಿದವರಿಗೆ ಮುಂದೆ ಇನ್ನೊಂದು ಕಂದಕ, ಅದರಾಚೆ ಇನ್ನೊಂದು ಗೋಡೆ ಇತ್ತು. ಫೋಮ್ ಅರ್ಧ ಶೀಟ್ ಉಳಿದಿದೆ. ಕಟರ್ ಎಲ್ಲಿ? ಒಂದ್ನಿಮಿಷ, ಬ್ಯಾಟರಿ ಬದಲಾಯಿಸಿ ಬರುತ್ತೇನೆ.